ಅನ್ನ ತಂಗುವ ಠಾವು

ಗುಂಡ್ಲುಪೇಟೆಯ ಭಾನುವಾರದ ಬೆಳಗು ಇನ್ನೂ ಮಂಜಿನಿಂದ ಬಿಡಿಸಿಕೊಳ್ಳುವ ಮೊದಲೇ, ಊಟಿಗೂ ಕೇರಳಕ್ಕೂ ದಾರಿ ಕವಲೊಡೆಯುವ ಆ ಪೇಟೆಯಲ್ಲಿ ಲಾರಿಗಳು ಒಂದೊಂದಾಗಿ ನಿಂತು ಚಹಾ ಬೇಡುವವರನ್ನು ಕೆಳಗಿಳಿಸುತ್ತಿರುವ ಹೊತ್ತಿನಲ್ಲಿ, ಮಾಂಸದಂಗಡಿಯೊಂದರ ಹಿಂಬದಿಯ ಕಲ್ಲುಹಾಸಿನ ಮೇಲೆ ಒಬ್ಬ ತರುಣನು ಆಡಿನ ಕರುಳನ್ನು ನೀರಿನಲ್ಲಿ ಜಾಲಿಸಿ, ಬೋಟಿಗೆಂದು ಹಸನುಮಾಡುತ್ತಿದ್ದುದನ್ನು ನಾನು ಕೆಲವು ಕಾಲ ನಿಂತು ನೋಡಿದೆನು. ನನ್ನ ಕುತೂಹಲಕ್ಕೂ ಅಡುಗೆಗೂ ಯಾವ ಸಂಬಂಧವೂ ಇರಲಿಲ್ಲ. ತೋಳಿನಲ್ಲಿ ತಬ್ಬಿ ಎತ್ತಬಹುದಾದಷ್ಟು ಚಿಕ್ಕ ಪ್ರಾಣಿಯ ಉದರದಿಂದ ಮಾರುಮಾರು ಉದ್ದದ ಆ ನಳಿಗೆ, ಜಾತ್ರೆಯ ಜಾದೂಗಾರನ ಬಾಯಿಂದ ಕಾಗದದ ಪಟ್ಟಿ ಬರುವಂತೆ, ಮುಗಿಯುವ ಲಕ್ಷಣವನ್ನೇ ತೋರದೆ ಬರುತ್ತಲೇ ಇದ್ದಿತು. ಇದು ಎಷ್ಟು ಮಾರು ಇದ್ದೀತೆಂದು ಕೇಳಿದೆ. ಅವನು ತಲೆಯೆತ್ತದೆ, “ಅಳ್ದು ನೋಡವ್ರು ಯಾರ್ ಸಾ, ತೊಳ್ದು ಮುಗ್ಸದ್ರಲ್ಲೇ ಸಾಕಾಗೋಯ್ತದ” ಎಂದನು.

ಅಳೆದು ನೋಡಿದವರೂ ಇದ್ದಾರೆ. ಆಡು ಕುರಿಗಳ ಕರುಳು ಅವುಗಳ ಮೈಯುದ್ದದ ಇಪ್ಪತ್ತು ಇಪ್ಪತ್ತೈದು ಪಟ್ಟಿನಷ್ಟು. ಕುದುರೆಯದು ಸುಮಾರು ಹನ್ನೆರಡು ಪಟ್ಟು. ನಾಯಿಯದು ಐದಾರು ಪಟ್ಟು. ಬೆಕ್ಕಿನದು ನಾಲ್ಕೇ ಪಟ್ಟು. ಗುಂಡ್ಲುಪೇಟೆಯಿಂದ ಇಪ್ಪತ್ತು ಕಿಲೋಮೀಟರು ದಕ್ಷಿಣಕ್ಕೆ ಸರಿದು ಬಂಡೀಪುರದ ಕಾಡನ್ನು ಹೊಕ್ಕರೆ, ಈ ಪಟ್ಟಿಯ ಎರಡು ತುದಿಗಳೂ, ಎಂದರೆ ಜಿಂಕೆಯೂ ಹುಲಿಯೂ, ಒಂದೇ ಹಳ್ಳದ ನೀರನ್ನು ಕುಡಿಯುತ್ತಿರುವುದು ಕಾಣಬರುತ್ತದೆ. ಹುಲಿಯು ತಾನು ಕೆಡವಿದ ಕಡವೆಯ ಹೊಟ್ಟೆಯನ್ನು ಬಗೆದು, ಹುಲ್ಲು ತುಂಬಿದ ದೊಡ್ಡ ಚೀಲವನ್ನು ಹೊರಗೆಳೆದು ಬದಿಗಿಟ್ಟು, ಅನಂತರ ಊಟಕ್ಕೆ ತೊಡಗುವುದೆಂಬುದನ್ನು ಕಾಡಿನಲ್ಲಿ ಓಡಾಡಿದವರು ಬಲ್ಲರು. ಕಡವೆಯ ಬಾಳೆಲ್ಲ ಯಾವುದನ್ನು ಸುತ್ತಿ ನಡೆಯಿತೋ ಆ ಚೀಲವೇ ಹುಲಿಗೆ ನಿರುಪಯೋಗಿಯಾದ ಕಸ. ಆದರೂ ಬದಿಗಿಟ್ಟ ಚೀಲ, ಬದಿಗಿಟ್ಟವನ ಹೊಟ್ಟೆಯೊಳಗಿನ ಗಿಡ್ಡ ನಳಿಗೆ, ಗುಂಡ್ಲುಪೇಟೆಯ ಕಲ್ಲುಹಾಸಿನ ಮೇಲೆ ಬಿದ್ದಿದ್ದ ಬೋಟಿ, ಅದನ್ನು ನಿಂತು ನೋಡುತ್ತಿದ್ದ ನನ್ನ ಒಡಲಿನ ಕರುಳು, ಇವೆಲ್ಲವೂ ಒಂದೇ ಮಾದರಿಯಿಂದ ಹೊರಟವು. ಅವುಗಳೊಳಗಿನ ಭೇದವೆಲ್ಲ ಬಹುಮಟ್ಟಿಗೆ ಅನ್ನವು ದಾರಿಯಲ್ಲಿ ಎಲ್ಲಿ ತಂಗುತ್ತದೆ, ಎಷ್ಟು ಹೊತ್ತು ತಂಗುತ್ತದೆ ಎಂಬುದರಲ್ಲಿಯೇ ಅಡಗಿದೆಯೆಂಬುದು ಈ ಲೇಖನದಲ್ಲಿ ನಾನು ಹೇಳಹೊರಟಿರುವ ಮಾತು.

ಕನ್ನಡಿಗರು ಮಮತೆಯನ್ನು ಹೃದಯದಲ್ಲಿ ಇಡುವುದಕ್ಕೆ ಮೊದಲೇ ಕರುಳಿನಲ್ಲಿ ಇರಿಸಿದವರು. ತಾಯಿಕರುಳು, ಕರುಳಿನ ಕುಡಿ, ಕರುಳು ಚುರುಕ್ಕೆನ್ನುವುದು, ಇವು ನಮ್ಮ ಮನೆಮಾತು. ಅಸೂಯೆಗೆ ಹೊಟ್ಟೆಕಿಚ್ಚೆಂದೂ ಬಾಳುವೆಗೆ ಹೊಟ್ಟೆಪಾಡೆಂದೂ ಹೆಸರಿಟ್ಟವರು ನಾವೇ. ಹೀಗೆ ಒಡಲಿನ ಅತ್ಯಂತ ಒಳಗಿನದೆಂದು ನಾವು ಭಾವಿಸಿದ ಈ ಅಂಗವು ಶರೀರಶಾಸ್ತ್ರದ ಕಣ್ಣಿಗೆ ಹೊರಗಿನದೇ ಆಗಿರುವುದು ಒಂದು ವಿನೋದ. ಬಾಯಿಂದ ಗುದದವರೆಗೆ ಹಾದಿರುವ ನಳಿಗೆಯ ಪೊಳ್ಳು, ಮಣಿಯ ನಡುವಿನ ರಂಧ್ರದಂತೆ, ಹೊರಲೋಕದ ಒಂದು ತುಣುಕು. ನುಂಗಿದ ತುತ್ತು ಜೀರ್ಣವಾಗಿ ಗೋಡೆಯನ್ನು ದಾಟುವವರೆಗೆ ನಮ್ಮದಾಗಿರುವುದಿಲ್ಲ. ಹುಣಿಸೆಯ ಬೀಜ ನುಂಗಿದ ಹುಡುಗನು ಅದನ್ನು ಮರುದಿನ ಇದ್ದಂತೆಯೇ ಹಿಂದಿರುಗಿಸುವಾಗ ಈ ತತ್ತ್ವವನ್ನು ತಾನಾಗಿ ಸಾಧಿಸಿ ತೋರಿಸುತ್ತಾನೆ.

ಈ ನಳಿಗೆ ಹುಟ್ಟುವ ಬಗೆಯನ್ನು ಮೊದಲು ಕಣ್ಣಾರೆ ಕಂಡು ಬರೆದವನು ಕಾಸ್ಪರ್ ಫ್ರೀಡ್ರಿಕ್ ವೂಲ್ಫ್ ಎಂಬ ಜರ್ಮನ್ ವೈದ್ಯ. ಹದಿನೆಂಟನೆಯ ಶತಮಾನದ ಪಂಡಿತರಲ್ಲಿ ಬಹುಮಂದಿ, ಅಂಡದೊಳಗೆ ಪೂರ್ಣಪ್ರಾಣಿಯೊಂದು ಅತಿ ಸೂಕ್ಷ್ಮವಾಗಿ ಮಡಿಚಿ ಇಡಲ್ಪಟ್ಟಿರುತ್ತದೆಂದೂ ಬೆಳೆಯುವುದೆಂದರೆ ಅದು ಉಬ್ಬಿ ದೊಡ್ಡದಾಗುವುದಷ್ಟೆಯೆಂದೂ ನಂಬಿದ್ದ ಕಾಲವದು. ವೂಲ್ಫನು 1759ರಲ್ಲಿ ತನ್ನ ಪ್ರಬಂಧದಲ್ಲಿ ಈ ನಂಬಿಕೆಯನ್ನು ಎದುರಿಸಿ, ಸುಮಾರು ಒಂಬತ್ತು ವರ್ಷಗಳ ತರುವಾಯ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದುಕೊಂಡು, ಕೋಳಿಯ ಮೊಟ್ಟೆಯಲ್ಲಿ ಕರುಳು ಮೊದಲು ನಳಿಗೆಯಾಗಿ ಇರುವುದೇ ಇಲ್ಲ, ಅದು ಒಂದು ಚಪ್ಪಟೆಯಾದ ಹಾಳೆಯಾಗಿ ತೋರಿ, ಬಳಿಕ ಅಂಚುಗಳು ಬಾಗಿ ಕೂಡಿ ನಳಿಗೆಯಾಗುತ್ತದೆ ಎಂಬುದನ್ನು ಪ್ರಕಟಿಸಿದನು. ಬಾಳೆಯ ಸುಳಿ ಬಿಚ್ಚಿ ಎಲೆಯಾಗಿ ಹರವಿಕೊಳ್ಳುವುದನ್ನು ಚಾಮರಾಜನಗರ ಸೀಮೆಯ ತೋಟಗಳಲ್ಲಿ ನಾವು ದಿನವೂ ಕಾಣುತ್ತೇವೆ. ಕರುಳಿನ ಹುಟ್ಟು ಅದರ ತಿರುವುಮುರುವು, ಇಲ್ಲಿ ಎಲೆಯೇ ಸುತ್ತಿಕೊಂಡು ಸುಳಿಯಾಗುತ್ತದೆ. ಮೊದಲೇ ಇಲ್ಲದಿದ್ದ ರೂಪವೊಂದು ಕಣ್ಣೆದುರಿಗೇ ಉಂಟಾಗುವುದಾದರೆ ಮಡಿಚಿಟ್ಟ ಪ್ರಾಣಿಯ ಕಥೆಗೆ ನೆಲೆಯೆಲ್ಲಿ? ಒಂದು ಸಾಧಾರಣವಾದ ಕೋಳಿಗರುಳು ಇಷ್ಟು ದೊಡ್ಡ ಸಿದ್ಧಾಂತವೊಂದನ್ನು ಅಲುಗಿಸಿದುದು ನನಗೆ ಎಂದಿಗೂ ಸೋಜಿಗವೇ.

ಆ ಹಾಳೆ ಸುತ್ತಿಕೊಳ್ಳುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಿಂಡವು ಆರಂಭದಲ್ಲಿ ಮೂರು ಪದರಗಳ ಒಂದು ಬಿಲ್ಲೆ. ಹೊರಪದರದಿಂದ ಚರ್ಮವೂ ನರಗಳೂ, ನಡುಪದರದಿಂದ ಸ್ನಾಯು, ಎಲುಬು, ರಕ್ತಗಳೂ, ಒಳಪದರದಿಂದ ಕರುಳಿನ ಒಳಗೋಡೆಯೂ ಹುಟ್ಟುತ್ತವೆ. ಬಿಲ್ಲೆಯ ಮುಂತುದಿ ಕೆಳಕ್ಕೆ ಮಡಿಚಿಕೊಂಡಾಗ ಒಳಪದರದಲ್ಲಿ ಒಂದು ಜೇಬು ಮೂಡುತ್ತದೆ, ಅದು ಮುಂಗರುಳು. ಹಿಂತುದಿಯಲ್ಲಿಯೂ ಹಾಗೆಯೇ ಒಂದು ಜೇಬು, ಅದು ಹಿಂಗರುಳು. ಎರಡು ಜೇಬುಗಳೂ ಒಂದರ ಕಡೆಗೊಂದು ಸರಿಯುತ್ತ ನಡುಗರುಳಿನ ಬಾಯನ್ನು ಕಿರಿದುಗೊಳಿಸುತ್ತವೆ. ಈ ಬಾಯಿ ಮೊಟ್ಟೆಯ ಹಳದಿಯ ಭಂಡಾರದತ್ತ ತೆರೆದಿರುವುದರಿಂದ, ಮರಿಗೆ ಸ್ವಂತ ಬಾಯಿಯೇ ಇಲ್ಲದ ಕಾಲದಲ್ಲಿ ಅದರ ಹೊಟ್ಟೆ ನೇರವಾಗಿ ಉಗ್ರಾಣಕ್ಕೆ ತೆರೆದುಕೊಂಡಿರುತ್ತದೆಯೆನ್ನಬಹುದು. ಬರಬರುತ್ತ ಆ ಸಂಬಂಧ ಸಣ್ಣದೊಂದು ತೊಟ್ಟಾಗಿ ಉಳಿದು, ಕಡೆಗೆ ಕಡಿದುಹೋಗುತ್ತದೆ. ನೂರರಲ್ಲಿ ಸುಮಾರು ಇಬ್ಬರು ಮನುಷ್ಯರಲ್ಲಿ ಮಾತ್ರ ತೊಟ್ಟಿನ ಬುಡ ಸಣ್ಣ ಕರುಳಿಗೆ ಅಂಟಿದ ಕಿರುಚೀಲವಾಗಿ ಉಳಿದುಕೊಳ್ಳುವುದುಂಟು. ಅದಕ್ಕೆ ಮೆಕೆಲ್ ಎಂಬಾತನ ಹೆಸರು ಅಂಟಿಕೊಂಡಿದೆ. ಮರೆತುಹೋಗಿದ್ದ ವೂಲ್ಫನ ಬರಹವನ್ನು 1812ರಲ್ಲಿ ಲ್ಯಾಟಿನ್ನಿನಿಂದ ಜರ್ಮನ್ ಭಾಷೆಗೆ ತಂದು ಬೆಳಕಿಗೆ ತೋರಿದವನೂ ಅದೇ ಮೆಕೆಲ್.

ಮನುಷ್ಯಪಿಂಡದಲ್ಲಿ ಆರನೆಯ ವಾರಕ್ಕೆ ಒಂದು ವಿಶೇಷ ಸಂಗತಿ ನಡೆಯುತ್ತದೆ. ನಡುಗರುಳು ಎಷ್ಟು ಭರದಿಂದ ಬೆಳೆಯುತ್ತದೆಂದರೆ, ಯಕೃತ್ತಿನಿಂದ ಇಡಿಕಿರಿದ ಆ ಪುಟ್ಟ ಉದರದಲ್ಲಿ ಅದಕ್ಕೆ ಎಡೆ ಸಾಲದೆ, ಕುಣಿಕೆಯಾಗಿ ಹೊರಬಿದ್ದು ಹೊಕ್ಕುಳಬಳ್ಳಿಯೊಳಗೆ ಹೊಕ್ಕು ಕುಳಿತುಕೊಳ್ಳುತ್ತದೆ. ಅಲ್ಲಿಯೇ ಬೆಳೆದು, ಅಲ್ಲಿಯೇ ಹೊರಳಲಾರಂಭಿಸಿ, ಹತ್ತನೆಯ ವಾರದ ಸುಮಾರಿಗೆ ಉದರಕ್ಕೆ ಹಿಂದಿರುಗಿ, ಒಟ್ಟು ಮುಕ್ಕಾಲು ಸುತ್ತು ತಿರುಗಿ ತನ್ನ ಸ್ಥಾನವನ್ನು ಸೇರುತ್ತದೆ. ನಮ್ಮ ಹಿರಿಯರು ಹೊಕ್ಕುಳಬಳ್ಳಿಯನ್ನು ಕರುಳುಬಳ್ಳಿಯೆಂದು ಕರೆದಾಗ ಮಮತೆಯ ಮಾತನ್ನು ಆಡಿದರೇ ಹೊರತು ಅಂಗರಚನೆಯನ್ನು ಹೇಳಲಿಲ್ಲ. ಆದರೆ ನಮ್ಮಲ್ಲಿ ಪ್ರತಿಯೊಬ್ಬರ ಬಾಳಿನಲ್ಲಿಯೂ ಒಂದು ತಿಂಗಳ ಮಟ್ಟಿಗೆ ಆ ಹೆಸರು ಅಕ್ಷರಶಃ ಸತ್ಯವಾಗಿತ್ತು.

ಹಿಂದಿರುಗಿದ ಕರುಳು ಬುಟ್ಟಿಯಲ್ಲಿ ತುರುಕಿದ ಹಗ್ಗದಂತೆ ಮನಬಂದಂತೆ ಬೀಳುವುದಿಲ್ಲ. ಒಂದು ಜಾತಿಯ ಪ್ರಾಣಿಗಳಲ್ಲೆಲ್ಲ ಸುರುಳಿಗಳ ಸಂಖ್ಯೆಯೂ ಆಕಾರವೂ ಬಹುಮಟ್ಟಿಗೆ ಒಂದೇ. ಇದರ ಗುಟ್ಟನ್ನು 2011ರಲ್ಲಿ ಹೊರಗೆಡಹಿದ ಹಾರ್ವರ್ಡಿನ ತಂಡದಲ್ಲಿ, ಮದರಾಸಿನ ಐಐಟಿಯಲ್ಲಿ ಓದಿದ ಎಲ್. ಮಹಾದೇವನ್ ಎಂಬ ಗಣಿತಜ್ಞರೂ ಕ್ಲಿಫರ್ಡ್ ಟಾಬಿನ್ ಎಂಬ ಭ್ರೂಣವಿಜ್ಞಾನಿಯೂ ಇದ್ದರು. ಕರುಳನ್ನು ಬೆನ್ನಿನ ಗೋಡೆಗೆ ತೂಗುಹಾಕಿರುವ ತೆಳುವಾದ ಪೊರೆಯೊಂದುಂಟಷ್ಟೆ. ಕೋಳಿಪಿಂಡದ ಕರುಳನ್ನು ಆ ಪೊರೆಯಿಂದ ಬಿಡಿಸಿದರೆ ಸುರುಳಿಗಳೆಲ್ಲ ಬಿಚ್ಚಿ ಕರುಳು ನೆಟ್ಟಗಾಯಿತು, ಪೊರೆ ಮುದುಡಿತು. ಕರುಳು ಬೇಗ ಬೆಳೆಯುತ್ತದೆ, ಪೊರೆ ನಿಧಾನವಾಗಿ ಬೆಳೆಯುತ್ತದೆ. ಎರಡರ ಎಳೆದಾಟದಲ್ಲಿ ಕರುಳು ಬಾಗಲೇಬೇಕಾಗುತ್ತದೆ. ಎಳೆದು ಹಿಡಿದ ರಬ್ಬರಿನ ಹಾಳೆಯ ಅಂಚಿಗೆ ರಬ್ಬರಿನ ನಳಿಗೆಯೊಂದನ್ನು ಹೊಲಿದು ಕೈಬಿಟ್ಟಾಗ ಅದೂ ಕರುಳಿನಂತೆಯೇ ಸುರುಳಿಗೊಂಡಿತು. ರವಿಕೆಗೆ ನೆರಿಗೆಯಂಚು ಹೊಲಿಯುವ ದರ್ಜಿಗೆ ಇದು ಹೊಸ ವಿಷಯವೇನೂ ಅಲ್ಲ. ಗಿಡ್ಡ ಬಟ್ಟೆಗೆ ಉದ್ದ ಪಟ್ಟಿಯನ್ನು ಸೇರಿಸಿದರೆ ನೆರಿಗೆ ತಾನಾಗಿ ಏಳುತ್ತದೆ. ಎರಡು ವರ್ಷಗಳ ಬಳಿಕ ಅದೇ ಪ್ರಯೋಗಶಾಲೆಯವರು ಕರುಳಿನ ಒಳಗೋಡೆಯ ರಸಾಂಕುರಗಳಿಗೂ, ಎಂದರೆ ಅನ್ನರಸವನ್ನು ಹೀರುವ ಆ ಲಕ್ಷೋಪಲಕ್ಷ ಬೆರಳುಗಳಿಗೂ, ಇದೇ ಬಗೆಯ ಕಾರಣವನ್ನು ಕಂಡುಕೊಂಡರು: ಸುತ್ತಲಿನ ಸ್ನಾಯುಪದರಗಳು ಒಂದಾದ ಮೇಲೊಂದು ಬಿಗಿದುಕೊಂಡಂತೆಲ್ಲ ಒಳಪದರವು ಮೊದಲು ಉದ್ದನೆಯ ಏಣುಗಳಾಗಿಯೂ, ಆಮೇಲೆ ಅಂಕುಡೊಂಕು ಸಾಲುಗಳಾಗಿಯೂ, ಕಡೆಗೆ ಬಿಡಿಬಿಡಿ ಅಂಕುರಗಳಾಗಿಯೂ ಎದ್ದು ನಿಲ್ಲುತ್ತದೆ.

ನಳಿಗೆಗೆ ಜೀವಕಳೆ ಬರಬೇಕಾದರೆ ನರಗಳು ಬೇಕು. ಇವು ಕರುಳಿನಲ್ಲಿ ಹುಟ್ಟಿದವಲ್ಲ. ಪಿಂಡದ ಕತ್ತಿನ ಭಾಗದಲ್ಲಿ, ಮಿದುಳು ಬಳ್ಳಿಯ ಅಂಚಿನಿಂದ ಹೊರಟ ಜೀವಕಣಗಳು ಮುಂಗರುಳನ್ನು ಹೊಕ್ಕು, ದಾರಿಯುದ್ದಕ್ಕೂ ಸಂತಾನವನ್ನು ಬಿಡುತ್ತ ಕಟ್ಟಕಡೆಯವರೆಗೆ ನಡೆದುಹೋಗುತ್ತವೆ. ಮನುಷ್ಯನಲ್ಲಿ ನಾಲ್ಕನೆಯ ವಾರಕ್ಕೆ ಹೊರಟ ಈ ಯಾತ್ರೆ ಏಳನೆಯ ವಾರಕ್ಕೆ ಮುಗಿಯುತ್ತದೆ. ಫ್ರಾನ್ಸಿನ ನಿಕೋಲ್ ಲೆ ದುಆರೆನ್ ಎಂಬ ವಿದುಷಿ, ಗೌಜಲಹಕ್ಕಿಯ ಪಿಂಡದ ತುಣುಕನ್ನು ಕೋಳಿಪಿಂಡಕ್ಕೆ ಕಸಿಮಾಡಿ, ಗೌಜಲದ ಕಣಗಳಿಗೆ ಸಹಜವಾಗಿರುವ ಗುರುತಿನಿಂದ ಈ ಯಾತ್ರಿಕರ ಹೆಜ್ಜೆಯನ್ನು 1970ರ ದಶಕದಲ್ಲಿ ಜಾಡುಹಿಡಿದಳು. ಯಾತ್ರೆ ಅರ್ಧದಲ್ಲಿ ನಿಂತರೆ ಕರುಳಿನ ತುದಿಭಾಗಕ್ಕೆ ನರವಿಲ್ಲದೆ, ಮಲವು ಮುಂದೆ ಸಾಗದೆ, ಎಳೆಯ ಮಗುವಿನ ಹೊಟ್ಟೆ ಡೊಳ್ಳಿನಂತೆ ಉಬ್ಬಿಕೊಳ್ಳುತ್ತದೆ. ಡೆನ್ಮಾರ್ಕಿನ ಹೀರ್ಶ್‌ಸ್ಪ್ರುಂಗ್ ಎಂಬ ಮಕ್ಕಳ ವೈದ್ಯನು 1886ರಲ್ಲಿ ವಿವರಿಸಿದ ಈ ವ್ಯಾಧಿ ಸುಮಾರು ಐದುಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ನರವಿಲ್ಲದ ಭಾಗವನ್ನು ಕತ್ತರಿಸಿ ತೆಗೆದು ಜೋಡಿಸುವುದೇ ಅದಕ್ಕೆ ಚಿಕಿತ್ಸೆ.

ಒಂದು ಮೊಟ್ಟೆಯೊಳಗಿನ ಕೆಲವು ದಿನಗಳ ಕಥೆ ಇದಾದರೆ, ಕಶೇರುಕಗಳ ಕರುಳಿನ ಇನ್ನೊಂದು ಕಥೆ ಐವತ್ತು ಕೋಟಿ ವರ್ಷಗಳಷ್ಟು ಉದ್ದವಾದುದು. ಅದರ ಆದಿಯಲ್ಲಿ ಹೊಟ್ಟೆಯೆಂಬುದೇ ಇರಲಿಲ್ಲ. ದವಡೆಯಿಲ್ಲದ ಲ್ಯಾಂಪ್ರೆ ಎಂಬ ಪುರಾತನ ವಂಶದ ಮೀನಿನಲ್ಲಿ ಇಂದಿಗೂ ಅನ್ನದ ಹಾದಿ ನೆಟ್ಟಗಿನ ಒಂದು ಕೊಳವೆ. ಬಂದದ್ದು ಸಾಗುತ್ತಿರುತ್ತದೆ, ತಂಗಲು ಜಾಗವಿಲ್ಲ. ಸುಮಾರು 45 ಕೋಟಿ ವರ್ಷಗಳ ಹಿಂದೆ ದವಡೆ ಬಂದು, ದೊಡ್ಡ ತುತ್ತನ್ನು ಕಚ್ಚಿ ನುಂಗುವುದು ಸಾಧ್ಯವಾದ ಮೇಲೆ, ಆ ತುತ್ತನ್ನು ಇಟ್ಟುಕೊಂಡು ಆಮ್ಲದಲ್ಲಿ ನೆನೆಸುವ ಚೀಲ, ಎಂದರೆ ಜಠರ, ಕಾಣಿಸಿಕೊಂಡಿತು. ಶಾರ್ಕುಗಳು ಕರುಳನ್ನು ಉದ್ದಮಾಡುವ ಬದಲು ಅದರೊಳಗೆ ತಿರುಪಿನಾಕಾರದ ಮೆಟ್ಟಿಲನ್ನು ಕಟ್ಟಿಕೊಂಡವು. ಮುಂಗರುಳಿನಿಂದಲೇ ಒಂದು ಚೀಲ ಹೊರಚಾಚಿ ಪುಪ್ಪುಸವಾಯಿತು. ಮೀನಿನ ಗಾಳಿಚೀಲವೇ ಪುಪ್ಪುಸವಾಗಿ ಮಾರ್ಪಟ್ಟಿತೆಂದು ಡಾರ್ವಿನ್ನನು ಊಹಿಸಿದ್ದನಾದರೂ, ಪುಪ್ಪುಸವೇ ಹಿರಿಯದು, ಗಾಳಿಚೀಲ ಅದರ ತರುವಾಯದ ಅವತಾರವೆಂಬುದು ಈಗಿನ ವಿದ್ವಾಂಸರ ಮತ. ಯಕೃತ್ತು, ಮೇದೋಜೀರಕ, ಕತ್ತಿನ ಥೈರಾಯಿಡ್ ಇವೂ ಆ ಒಂದೇ ಒಳಪದರದ ಚಿಗುರುಗಳು. ಹೀಗಾಗಿ ನಾವು ಉಸಿರೆಳೆಯುವುದೂ ಒಂದು ಅರ್ಥದಲ್ಲಿ ಕರುಳಿನಿಂದಲೇ.

ಜಠರವು ಒಮ್ಮೆ ಬಂದುದರಿಂದ ಶಾಶ್ವತವಾಗಿ ಉಳಿಯಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಚಾಮರಾಜನಗರದ ಮೀನಂಗಡಿಗಳಲ್ಲಿ ತಕ್ಕಡಿಗೆ ಬೀಳುವ ಕಟ್ಲಾ, ರೋಹು, ಗೆಂಡೆಗಳನ್ನು ಸೀಳಿ ನೋಡಿದವರು ಒಂದು ಮಾತನ್ನು ಗಮನಿಸಿರಬಹುದು: ಅವುಗಳಿಗೆ ಜಠರವೇ ಇಲ್ಲ. ಅನ್ನನಾಳ ನೇರವಾಗಿ ಕರುಳಿಗೆ ಕೂಡಿಕೊಂಡಿದೆ. ಗಂಟಲಿನ ಹಲ್ಲುಗಳು ಅರೆಯುವ ಕೆಲಸವನ್ನು ಮಾಡಿದರೆ, ಪಾಚಿಯನ್ನೂ ಸೊಪ್ಪುಸದೆಯನ್ನೂ ಮೇಯುವ ರೋಹುವಿನಲ್ಲಿ ಮೈಯುದ್ದದ ಹಲವು ಪಟ್ಟು ನೀಳವಾದ ಕರುಳು ಉಳಿದುದನ್ನು ಪೂರೈಸುತ್ತದೆ. ಅದೇ ನೀರಿನಲ್ಲಿ ಬೇಟೆಯಾಡಿ ಬದುಕುವ ಕೊರವ ಮೀನಿಗಾದರೋ ಜಠರವುಂಟು. ಜಠರವಿಲ್ಲದ ಮೀನುಗಳ ವಂಶವಾಹಿಯನ್ನು ಓದಿದ ವಿಜ್ಞಾನಿಗಳು, ಆಮ್ಲವನ್ನು ಸ್ರವಿಸುವ ಪಂಪಿನ ಜೀನುಗಳೇ ಅಲ್ಲಿ ಅಳಿದುಹೋಗಿರುವುದನ್ನು 2014ರಲ್ಲಿ ತಿಳಿಸಿದರು. ಆಸ್ಟ್ರೇಲಿಯದ ಪ್ಲಾಟಿಪಸ್ ಎಂಬ ಮೊಟ್ಟೆಯಿಡುವ ಸಸ್ತನಿಗೂ ಅದೇ ಗತಿ. ಬಾಡಿಗೆ ಕೊಡುವವರಿಲ್ಲದ ಮನೆ ಹಾಳುಬಿದ್ದು, ಬರಬರುತ್ತ ಅದರ ಅಡಿಪಾಯದ ಕಲ್ಲೂ ಕಾಣೆಯಾದಂತೆ. ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಇಂದು ಸಾಕಲ್ಪಡುವ ಪಟ್ಟೆಮೀನು, ಎಂದರೆ ಝೀಬ್ರಾ ಮೀನು, ಇದೇ ಗೆಂಡೆಯ ಬಳಗದ್ದು, ಇದಕ್ಕೂ ಜಠರವಿಲ್ಲ. ಇದನ್ನು ಲೋಕಕ್ಕೆ ಪರಿಚಯಿಸಿ 1822ರಲ್ಲಿ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್, ಟಿಪ್ಪುವಿನ ಪತನದ ಮರುವರ್ಷ ಮೈಸೂರು ಸೀಮೆಯ ಊರೂರು ಸುತ್ತಿ ಇಲ್ಲಿಯ ಬೆಳೆ, ಕಸಬು, ಜನಗಳ ವಿವರವನ್ನು ಬರೆದಿಟ್ಟ ಬುಕಾನನ್ನನೇ ಎಂಬುದು ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು?

ಎರಡು ಕಥೆಗಳೂ, ದಿನಗಳದೂ ಯುಗಗಳದೂ, ಒಂದೇ ಕಡೆ ಕಣ್ಣಿಗೆ ಬೀಳಬೇಕಾದರೆ ಮಳೆಗಾಲದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹೊಲಗಳಿಗೆ ಹೋಗಬೇಕು. 1454 ಮೀಟರು ಎತ್ತರದ ಆ ಬೆಟ್ಟವು ಮೋಡವನ್ನು ಹೊದ್ದು ಕುಳಿತಿರುವಾಗ, ಕೆಳಗೆ ಅರಿಸಿನದ ಪಾತಿಗಳ ಪಕ್ಕದ ಹೊಂಡಗಳಲ್ಲಿ ಗೊದಮೊಟ್ಟೆಗಳು ಗಿಜಿಗುಟ್ಟುತ್ತಿರುತ್ತವೆ. ಒಂದನ್ನು ಅಂಗೈಯ ನೀರಿನಲ್ಲಿ ಎತ್ತಿಕೊಂಡು ಮಗುಚಿ ನೋಡಿದರೆ, ತೆಳುವಾದ ಹೊಟ್ಟೆಯ ಚರ್ಮದೊಳಗಿಂದ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಕರುಳು ಸ್ಪಷ್ಟವಾಗಿ ತೋರುತ್ತದೆ. ಗೊದಮೊಟ್ಟೆ ಪಾಚಿಯನ್ನು ಕೆರೆದು ತಿನ್ನುವ ಸಸ್ಯಾಹಾರಿ. ಕಪ್ಪೆಯಾದರೋ ಹುಳುಹುಪ್ಪಟೆಗಳನ್ನು ನುಂಗುವ ಮಾಂಸಾಹಾರಿ. ರೂಪಾಂತರದ ಕೆಲವೇ ದಿನಗಳಲ್ಲಿ ಈ ಸುರುಳಿಯು ತನ್ನ ಕಣಗಳನ್ನು ತಾನೇ ಕೊಂದುಕೊಂಡು, ಉದ್ದದಲ್ಲಿ ಹೆಚ್ಚುಕಡಮೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಳಗೋಡೆ ಹೊಸದಾಗಿ ಕಟ್ಟಲ್ಪಡುತ್ತದೆ. ಬಾಲ ಮಾಯವಾಗುವುದನ್ನು ನೋಡಿ ಬೆರಗಾಗುವ ಶಾಲೆಯ ಮಕ್ಕಳಿಗೆ ಕರುಳು ಕುಗ್ಗುವುದನ್ನು ಯಾರೂ ತೋರಿಸಿಕೊಡುವುದಿಲ್ಲ. ಹೆಬ್ಬಾವಿನ ಪರಿ ಇನ್ನೂ ವಿಚಿತ್ರ: ಬಂಡೀಪುರದ ಹೆಬ್ಬಾವಿಗೆ ಹತ್ತಿರದ ನಂಟನಾದ ಬರ್ಮಾ ಹೆಬ್ಬಾವು, ತಿಂಗಳುಗಟ್ಟಲೆ ಉಪವಾಸವಿರುವಾಗ ಕರುಳನ್ನು ಕುಗ್ಗಿಸಿಟ್ಟು, ಬೇಟೆಯನ್ನು ನುಂಗಿದ ಒಂದೆರಡು ದಿನಗಳೊಳಗೆ ಅದರ ತೂಕವನ್ನು ಇಮ್ಮಡಿಗೊಳಿಸಿಕೊಳ್ಳುತ್ತದೆಂದು ಸೀಕರ್ ಮತ್ತು ಡೈಮಂಡ್ ಎಂಬವರು 1990ರ ದಶಕದಲ್ಲಿ ತೋರಿಸಿದರು. ನೆಂಟರು ಬಂದಾಗ ಮಾತ್ರ ದೊಡ್ಡ ಒಲೆಯನ್ನು ಹೂಡುವ ಗೃಹಸ್ಥನ ನೀತಿ ಅದರದು.

ಇನ್ನು 1931ರಲ್ಲಿ ವೇಣುಗೋಪಾಲ ವನ್ಯಧಾಮವೆಂಬ ಹೆಸರಿನಲ್ಲಿ ಮೈಸೂರಿನ ಅರಸರಿಂದ ಮೊದಲಾಗಿ, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡಿಗೆ ಬರೋಣ. ಸಫಾರಿಗೆ ಚೀಟಿ ಕೊಡುವ ಮೇಲುಕಾಮನಹಳ್ಳಿಯ ಹೆಸರಿಗೂ ಮೆಲುಕಿಗೂ ನಂಟಿಲ್ಲವಾದರೂ, ಅಲ್ಲಿಂದ ಹೊರಟವನು ಮೊದಲು ಕಾಣುವುದು ಮೆಲುಕು ಹಾಕುವವರನ್ನೇ. ಹುಲ್ಲಿನ ನಾರನ್ನು ಕರಗಿಸಬಲ್ಲ ಕಿಣ್ವವನ್ನು ಯಾವ ಕಶೇರುಕವೂ ಸ್ವತಃ ತಯಾರಿಸಲಾರದು; ಆ ಕೆಲಸವನ್ನು ಸೂಕ್ಷ್ಮಜೀವಿಗಳಿಗೆ ಒಪ್ಪಿಸಿ, ಅವುಗಳಿಗೆ ಬೆಚ್ಚನೆಯ ತೇವವಾದ ಒಂದು ಬಿಡಾರವನ್ನು ಒದಗಿಸಬೇಕು. ಬಿಡಾರವನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಗೆ ಜಿಂಕೆ, ಕಡವೆ, ಕಾಟಿಗಳು ಜಠರದ ಮುಂದೆಯೇ ಎಂದು ಉತ್ತರಿಸಿದವು. ಕರುವಿನ ಪಿಂಡದಲ್ಲಿ ಕದಿರಿನ ಆಕಾರದ ಒಂದೇ ಉಬ್ಬಾಗಿ ಮೊದಲಾಗುವ ಚೀಲವು ನಾಲ್ಕು ಕೋಣೆಗಳಾಗಿ ಒಡೆಯುತ್ತದೆ. ಹುಟ್ಟಿದಾಗ ಹಾಲನ್ನು ಜೀರ್ಣಿಸುವ ನಾಲ್ಕನೆಯದೇ ದೊಡ್ಡದು, ಹುಲ್ಲು ಕಚ್ಚತೊಡಗಿದ ಮೇಲೆ ಮೊದಲನೆಯದು ಬೆಳೆದು ಬೆಳೆದು, ದೊಡ್ಡ ದನದಲ್ಲಿ ನೂರು ಲೀಟರಿಗೂ ಮಿಗಿಲಾದ ಹುದುಗಿನ ಗುಡಾಣವಾಗುತ್ತದೆ. ಅನ್ನ ಅಲ್ಲಿ ಎರಡು ಮೂರು ದಿನ ತಂಗುವುದುಂಟು. ಬೋಟಿ ತೊಳೆಯುವವರ ಕೈಗೆ ಒರಟು ಟವಲಿನಂತೆ ಹತ್ತುವುದು ಈ ಮೊದಲನೆಯ ಕೋಣೆ; ಜೇನುಹಟ್ಟಿಯಂತಿರುವುದು ಎರಡನೆಯದು; ಪುಸ್ತಕದ ಹಾಳೆಗಳಂತಿರುವುದು ಮೂರನೆಯದು. ಎರಡಕ್ಕೂ ಮೂರಕ್ಕೂ ನಡುವಿನ ಬಾಗಿಲು ಬಹಳ ಕಿರಿದು. ಚೆನ್ನಾಗಿ ನುಣುಪಾದುದಕ್ಕೆ ಮಾತ್ರ ಪ್ರವೇಶ, ಉಳಿದದ್ದು ಮರಳಿ ಬಾಯಿಗೆ, ಹಲ್ಲಿಗೆ. ಈ ಬಾಗಿಲನ್ನು ಓದುಗರು ನೆನಪಿನಲ್ಲಿಡಬೇಕು.

ಜಿಂಕೆಯ ಹಿಂಡಿನ ಮೇಲೆ, ಮರದ ಕೊಂಬೆಯಲ್ಲಿ ಕುಳಿತು ಎಲೆಗಳನ್ನು ಚೆಲ್ಲುವ ಮುಸುವ, ಮಂಗನ ಕುಲದಲ್ಲಿ ಹುಟ್ಟಿಯೂ ಹಸುವಿನ ವ್ಯವಸ್ಥೆಯನ್ನು ತನ್ನಷ್ಟಕ್ಕೆ ತಾನೇ ಕಂಡುಕೊಂಡ ಪ್ರಾಣಿ. ಅದರ ಜಠರವೂ ಕೋಣೆಗಳಾಗಿ ಉಬ್ಬಿ ಎಲೆಯನ್ನು ಹುದುಗಿಸುತ್ತದೆ. ಅಷ್ಟೇ ಅಲ್ಲ, ಹುದುಗಿನ ಬಾಕ್ಟೀರಿಯಗಳನ್ನು ಕಡೆಗೆ ಒಡೆದು ಉಣ್ಣುವುದಕ್ಕೆ ಬೇಕಾದ ಲೈಸೊಜೈಮ್ ಎಂಬ ಕಿಣ್ವದಲ್ಲಿ, ಹಸುವಿನ ವಂಶದಲ್ಲಿ ಆದ ಮಾರ್ಪಾಟುಗಳಲ್ಲಿ ಕೆಲವು ಮುಸುವದ ವಂಶದಲ್ಲಿಯೂ ಪ್ರತ್ಯೇಕವಾಗಿ ಆಗಿರುವುದನ್ನು ಅಮೆರಿಕದ ಸ್ಟೂವರ್ಟ್, ವಿಲ್ಸನ್ ಮುಂತಾದವರು 1987ರಲ್ಲಿ ಪ್ರಕಟಿಸಿದಾಗ ಅದು ವಿಕಾಸವಾದದ ಒಂದು ಮುಖ್ಯ ನಿದರ್ಶನವಾಗಿ ಗಣಿಸಲ್ಪಟ್ಟಿತು. ಬಾಳೆಹಣ್ಣಿಗಾಗಿ ಯಾತ್ರಿಕರ ಕೈಚೀಲಕ್ಕೆ ಕೈಹಾಕುವ ಕೆಂಪುಮೋರೆಯ ಕೋತಿಯಲ್ಲಿ ಈ ಏರ್ಪಾಟಿಲ್ಲ. ಅದರ ತಂಗುದಾಣವೇನಿದ್ದರೂ ಕೆನ್ನೆಯ ಚೀಲ.

ಆನೆ ಬಿಡಾರವನ್ನು ಹಿಂದಕ್ಕೆ ಕಟ್ಟಿತು. ಅದರ ಜಠರ ಸಾದಾ ಚೀಲ. ಹುದುಗುವಿಕೆಯೆಲ್ಲ ಕುರುಡುಗರುಳಿನಲ್ಲಿಯೂ ದೊಡ್ಡ ಕರುಳಿನಲ್ಲಿಯೂ. ಅಲ್ಲಿ ಕಿರಿದಾದ ಬಾಗಿಲಿಲ್ಲದುದರಿಂದ ಒರಟು ತೊಗಟೆ, ಬಿದಿರು, ಮುಳ್ಳುಗಂಟಿ ಎಲ್ಲವೂ ಸರಾಗವಾಗಿ ಸಾಗಿಬಿಡುತ್ತವೆ. ದಿನಕ್ಕೆ ಸುಮಾರು ನೂರೈವತ್ತು ಕಿಲೋ ಮೇವನ್ನು ತಿಂದರೂ ಅರ್ಧಕ್ಕಿಂತ ಕಡಮೆಯನ್ನೇ ದಕ್ಕಿಸಿಕೊಂಡು, ಉಳಿದುದನ್ನು ಅದು ಒಂದೆರಡು ದಿನಗಳಲ್ಲಿ ಹೊರಗೆ ಕಳುಹುತ್ತದೆ. ಕಾಟಿಯದು ಜುಗ್ಗನ ಗೃಹಕೃತ್ಯ, ಆನೆಯದು ದುಂದುಗಾರನದು. ಆದರೆ ಕಳಪೆ ಮೇವು ಯಥೇಚ್ಛವಾಗಿ ಇರುವೆಡೆಯಲ್ಲಿ ದುಂದುಗಾರನೇ ಗೆಲ್ಲುತ್ತಾನೆಂಬುದನ್ನು ಕ್ರಿಸ್ಟೀನ್ ಜಾನಿಸ್ ಎಂಬ ವಿದುಷಿ 1976ರಲ್ಲಿ ಕುದುರೆಗಳ ವಿಷಯದಲ್ಲಿ ವಾದಿಸಿದಳು, ಆನೆಗೂ ಅದು ಹೊಂದುತ್ತದೆಂದು ನನ್ನೆಣಿಕೆ. ದಾರಿಬದಿಯ ಆನೆಲದ್ದಿಯನ್ನು ಕಡ್ಡಿಯಿಂದ ಕೆದಕಿದರೆ ನಾರು ನಾರಾಗಿಯೇ ಕಾಣುತ್ತದೆ, ಬೀಜ ಬೀಜವಾಗಿಯೇ. ಹಾಗೆಂದೇ ಅದು ಸಗಣಿಹುಳುವಿಗೆ ಅನ್ನವೂ ಸಸಿಗೆ ಪಾತಿಯೂ ಆಗುತ್ತದೆ. ಹಾಲುಗುಡಿಯುವ ಮರಿ ತಾಯಿಯ ಲದ್ದಿಯನ್ನು ಬಾಯಿಗಿಟ್ಟುಕೊಳ್ಳುವುದನ್ನು ಕಂಡು ಸಫಾರಿಯ ಜನ ಮೂಗು ಮುಚ್ಚಿಕೊಳ್ಳುವುದುಂಟು. ಹುಟ್ಟುವಾಗ ಬರಿದಾಗಿದ್ದ ತನ್ನ ಬಿಡಾರಕ್ಕೆ ಮರಿ ಹಾಗೆ ಬಾಕ್ಟೀರಿಯಗಳನ್ನು ಕರೆತರುತ್ತಿರುತ್ತದೆ. ಕಾಡುಮೊಲವು ಹಿಂಗರುಳಿನ ನಷ್ಟವನ್ನು ಬೇರೊಂದು ಉಪಾಯದಿಂದ ತುಂಬಿಕೊಳ್ಳುತ್ತದೆ, ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಮತ್ತೊಮ್ಮೆ ತಿನ್ನುತ್ತದೆ.

ಹುಲಿಗೆ ಇಂತಹ ಬಿಡಾರಗಳ ಗೊಡವೆಯಿಲ್ಲ. ಒಂದೇ ಊಟದಲ್ಲಿ ಮೂವತ್ತು ಕಿಲೋದವರೆಗೆ ಮಾಂಸ ತಿನ್ನಬಲ್ಲ ಅದಕ್ಕೆ ಬೇಕಾದುದು ಹಿಗ್ಗುವ ಜಠರ ಮತ್ತು ಗಿಡ್ಡ ಕರುಳು. ಅದು ಬಿಟ್ಟುಹೋದುದನ್ನು ಮುಗಿಸುವ ರಣಹದ್ದಿನ ಜಠರದ ಆಮ್ಲವಂತೂ ಕೊಳೆತ ಹೆಣದ ರೋಗಾಣುಗಳಲ್ಲಿ ಬಹುಪಾಲನ್ನು ಸುಟ್ಟುಬಿಡುವಷ್ಟು ಉಗ್ರ. ಅಂತಹ ಆಮ್ಲವೂ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದಿನ ಮುಂದೆ ಸೋತಿತು. ಅದು ಹದ್ದಿನ ಮೂತ್ರಪಿಂಡವನ್ನು ಕೆಡಿಸಿ ದೇಶದ ರಣಹದ್ದುಗಳನ್ನು ಬಹುಮಟ್ಟಿಗೆ ಅಳಿಸಿದ ಮೇಲೆ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಮದ್ದು ನಿಷೇಧಿಸಲ್ಪಟ್ಟಿತು. ಮೋಯಾರ್ ಕಣಿವೆಯ ಆಸುಪಾಸಿನಲ್ಲಿ ಉಳಿದುಕೊಂಡಿರುವ ಹದ್ದುಗಳು ದಕ್ಷಿಣ ಭಾರತದ ಪಾಲಿಗೆ ಅಮೂಲ್ಯವಾದವು.

ಜಿಂಕೆಯ ಎರಡನೆಯ ಕೋಣೆಗೂ ಮೂರನೆಯದಕ್ಕೂ ನಡುವಣ ಆ ಕಿರುಬಾಗಿಲಿಗೆ ಈಗ ಹಿಂದಿರುಗುತ್ತೇನೆ. ಗುಂಡ್ಲುಪೇಟೆಯಿಂದ ಊಟಿಯತ್ತ ಹೊರಟ ಬಸ್ಸಿನ ಕಿಟಕಿಯಿಂದ ಚಿತ್ರಾನ್ನದ ಎಣ್ಣೆ, ಉಪ್ಪು ಅಂಟಿದ ಪ್ಲಾಸ್ಟಿಕ್ ಕೊಟ್ಟೆಯೊಂದು ರಸ್ತೆಯಂಚಿಗೆ ಬಿದ್ದರೆ, ಉಪ್ಪಿನ ಆಸೆಗೆ ಜಿಂಕೆ ಅದನ್ನು ನೆಕ್ಕಿ ನುಂಗುತ್ತದೆ. ಆನೆ ನುಂಗಿದರೆ ಅದು ಲದ್ದಿಯೊಡನೆ ಹೊರಬೀಳುವ ಸಂಭವವಾದರೂ ಉಂಟು. ಜಿಂಕೆಯಲ್ಲಿ ಹಾಗಲ್ಲ, ಎಷ್ಟು ಮೆಲುಕು ಹಾಕಿದರೂ ನುಣುಪಾಗದ ಆ ಹಾಳೆಗೆ ಬಾಗಿಲು ಎಂದಿಗೂ ತೆರೆಯದು, ಒಂದಕ್ಕೊಂದು ಸೇರಿ ಗಂಟಾಗಿ ಅದು ಮೇವಿನ ಜಾಗವನ್ನು ಆಕ್ರಮಿಸುತ್ತದೆ, ಹೊಟ್ಟೆ ತುಂಬಿದಂತೆ ತೋರುವ ಪ್ರಾಣಿ ಹಸಿವಿನಿಂದ ಸೊರಗುತ್ತದೆ. ಚಾಮರಾಜನಗರದ ಬೀದಿಗಳಲ್ಲಿ ತಿಪ್ಪೆಯನ್ನು ಕೆದಕುವ ಹಸುಗಳ ಹೊಟ್ಟೆಯ ಕಥೆಯೂ ಇದೇ. ಆದುದರಿಂದ ಆ ದಾರಿಯಲ್ಲಿ ಹೋಗುವ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ತಿಂದ ಪೊಟ್ಟಣದ ಪ್ಲಾಸ್ಟಿಕ್ಕನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಳ್ಳಿ, ಕಾಡು ದಾಟಿದ ಮೇಲೆ ಎಸೆಯಲು ಬೇಕಾದಷ್ಟು ತೊಟ್ಟಿಗಳಿವೆ.